ಹೆರೊಡೋಟಸ್‌ನ ‘ಬಾರ್ಬರೋಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದಕ್ಕೆ ನಿಮ್ಮ ನೆರವು ಬೇಕು. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಚರಿತ್ರೆಯ ಕೆಲವು ಭಾಗಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷ್ ಅನುವಾದಗಳ ಮೂಲಕವೇ, ಆದರೆ ಗ್ರೀಕ್ ನಿಘಂಟು ಪಕ್ಕದಲ್ಲಿದೆ. ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದೇನೆ. ಮನುಷ್ಯರು ಮಾಡಿದ್ದು ಕಾಲ ಕಳೆದಂತೆ ಅಳಿಸಿಹೋಗಬಾರದು, ಹೆಲ್ಲೇನರೂ (ಅಂದರೆ ಗ್ರೀಕರೂ) ‘ಬಾರ್ಬರೋಯ್’ಗಳೂ ಮಾಡಿ ತೋರಿಸಿದ ದೊಡ್ಡ ಕೆಲಸಗಳು ಹೆಸರಿಲ್ಲದೆ ಹೋಗಬಾರದು, ಅದಕ್ಕೇ ಇದನ್ನು ಬರೆದಿದ್ದೇನೆ ಅಂತ ಅವನು ಶುರುಮಾಡುತ್ತಾನೆ. ‘ಬಾರ್ಬರೋಯ್’ ಅನ್ನುವುದು ‘ಬಾರ್ಬರೋಸ್’ನ ಬಹುವಚನ, ಗ್ರೀಕ್ ಮಾತಾಡದ ಜನ ಅಂತ.

ಸುಮ್ನೆ ‘ಬರ್ಬರರು’ ಅಂತ ಬರೆದುಬಿಡಬಹುದಲ್ವಾ ಅಂತ ಮೊದಲು ಅನ್ನಿಸಿತು. ಸದ್ದೂ ಹೊಂದುತ್ತದೆ, ಸಂಸ್ಕೃತದಲ್ಲೂ ಪದ ಇದೆ. ಹಾಗೆ ಬರೆದು ಮನೆಯಲ್ಲಿ ಓದಿ ಹೇಳಿದೆ. ‘ಬರ್ಬರರ ದೊಡ್ಡ ಕೆಲಸ ಅಂದರೆ ಏನು, ಕೊಲೆಯಾ?’ ಅಂತ ಮಗಳು ಕೇಳಿದಳು. ಅವಳ ತಪ್ಪಲ್ಲ. ಇವತ್ತಿನ ಕನ್ನಡದಲ್ಲಿ ಈ ಪದ ಜಾಸ್ತಿ ಕಾಣಿಸುವುದು ‘ಬರ್ಬರ ಹತ್ಯೆ’ ಅನ್ನುವ ಪತ್ರಿಕೆಯ ತಲೆಬರಹದಲ್ಲಿ. ಪದಕ್ಕೆ ರಕ್ತ ಅಂಟಿಬಿಟ್ಟಿದೆ.

ಹೆರೊಡೋಟಸ್‌ನ ಪದಕ್ಕೆ ಅಂಟಿರುವುದು ರಕ್ತವಲ್ಲ, ಮಾತಿನ ಸದ್ದು. ಅರ್ಥವಾಗದ ಮಾತು ಕಿವಿಗೆ ‘ಬರ್ ಬರ್’ ಅಂತ ಕೇಳಿಸುತ್ತದೆ, ಹಾಗೆ ಹುಟ್ಟಿದ ಅನುಕರಣ ಪದ ಇದು. ಭೂಗೋಳ ಬರೆದ ಸ್ಟ್ರಾಬೋ ಕೂಡ ಇದನ್ನೇ ಹೇಳುತ್ತಾನೆ. ನಮ್ಮಜ್ಜಿ ರೈಲಿನಲ್ಲಿ ಬೇರೆ ಭಾಷೆಯವರ ಪಕ್ಕ ಕೂತು ಬಂದರೆ, ‘ಪಾಪ ಒಳ್ಳೆ ಜನ, ದಾರಿಯುದ್ದಕ್ಕೂ ಅದೇನೋ ಬಡಬಡ ಅಂತಿದ್ರು’ ಅನ್ನುತ್ತಿದ್ದರು. ಅದು ಬೈಗುಳವಾಗಿರಲಿಲ್ಲ. ‘ಬಡಬಡ’ಕ್ಕೂ ‘ಬರ್ ಬರ್’ಗೂ ಎಷ್ಟು ಹತ್ತಿರ ನೋಡಿ! ಹೋಮರ್‌ನ ಇಲಿಯಡ್‌ನಲ್ಲಿ ಕಾರಿಯಾದ ಜನರಿಗೆ ‘ಬಾರ್ಬರೋಫೋನೋಸ್’ ಅನ್ನುವ ವಿಶೇಷಣ ಬರುತ್ತದೆ, ‘ಬರ್ ಬರ್ ದನಿಯವರು’ ಅಂತ. ಹೆರೊಡೋಟಸ್ ಹುಟ್ಟಿದ ಹಲಿಕಾರ್ನಸಸ್ ಇದ್ದದ್ದು ಅದೇ ಕಾರಿಯಾದಲ್ಲಿ, ಈಗಿನ ಟರ್ಕಿಯ ಬೋದ್ರುಮ್. ಅವನ ಅಪ್ಪನ ಹೆಸರು ಲಿಕ್ಸೆಸ್, ಅದು ಕಾರಿಯನ್ ಹೆಸರು ಅನ್ನುತ್ತಾರೆ ವಿದ್ವಾಂಸರು. ಅಂದರೆ ‘ಬರ್ ಬರ್’ ದನಿಯವರು ಅವನಿಗೆ ನೆರೆಮನೆಯವರು, ಬಹುಶಃ ನೆಂಟರೂ ಹೌದು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಎರಡನೇ ಪುಸ್ತಕದ ಪಾರಿವಾಳದ ಕಥೆ. ಗ್ರೀಸ್‌ನ ದೊಡೋನಾದಲ್ಲಿ ಜ್ಯೂಸ್ ದೇವರ ಕಣಿ ಹೇಳುವ ಜಾಗವಿತ್ತು. ಈಜಿಪ್ಟಿನ ಥೀಬ್ಸ್‌ನಿಂದ ಎರಡು ಕಪ್ಪು ಪಾರಿವಾಳ ಹಾರಿದವು, ಒಂದು ಲಿಬಿಯಾಕ್ಕೆ ಹೋಯಿತು, ಇನ್ನೊಂದು ಇಲ್ಲಿಗೆ ಬಂದು ಓಕ್ ಮರದ ಮೇಲೆ ಕೂತು ಮನುಷ್ಯರ ದನಿಯಲ್ಲಿ ಮಾತಾಡಿತು ಅಂತ ಅಲ್ಲಿನ ಪೂಜಾರಿಣಿಯರು ಹೇಳುತ್ತಿದ್ದರು. ಹೆರೊಡೋಟಸ್ ಇದನ್ನು ಬಿಡಿಸುವ ರೀತಿ ಚೆಂದ. ಅವಳು ಹಕ್ಕಿಯಲ್ಲ, ಫಿನೀಷಿಯನ್ನರು ಹೊತ್ತು ತಂದು ಮಾರಿದ ಈಜಿಪ್ಟಿನ ಹೆಂಗಸು ಅನ್ನುತ್ತಾನೆ. ಅವಳು ‘ಬಾರ್ಬರೋಸ್’ ಆಗಿದ್ದರಿಂದ ಅವಳ ಮಾತು ಊರಿನವರಿಗೆ ಹಕ್ಕಿಯ ದನಿಯ ಹಾಗೆ ಕೇಳಿಸಿತು. ಕೆಲವು ಕಾಲದ ಮೇಲೆ ಅವಳು ಅವರಿಗೆ ತಿಳಿಯುವಂತೆ ಮಾತಾಡಿದಳು, ಆಗ ‘ಪಾರಿವಾಳ ಮನುಷ್ಯರ ದನಿಯಲ್ಲಿ ಮಾತಾಡಿತು’ ಅಂದರು. ಇಲ್ಲಿ ‘ಬರ್ಬರ ಹೆಂಗಸು’ ಅಂತ ನಾನು ಬರೆದರೆ ಕಥೆಯೇ ಕೆಟ್ಟುಹೋಗುತ್ತದೆ. ಅವಳು ಗುಲಾಮಳಾಗಿ ಬಂದು ದೇವರ ಜಾಗವೊಂದನ್ನು ಕಟ್ಟಿದವಳು!

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಈಜಿಪ್ಟಿನ ದೊರೆ ನೇಖೋ ಕೆಂಪು ಸಮುದ್ರಕ್ಕೆ ಕಾಲುವೆ ತೋಡಿಸುತ್ತಿದ್ದ. ‘ನೀನು ಬಾರ್ಬರೋಸ್‌ಗೋಸ್ಕರ ದುಡಿಯುತ್ತಿದ್ದೀಯ’ ಅಂತ ಕಣಿ ಬಂತು, ಕೆಲಸ ನಿಲ್ಲಿಸಿದ. ತಮ್ಮ ಭಾಷೆ ಆಡದವರೆಲ್ಲರನ್ನೂ ಈಜಿಪ್ಟಿನವರು ಹೀಗೇ ಕರೆಯುತ್ತಾರೆ ಅಂತ ಹೆರೊಡೋಟಸ್ ಸೇರಿಸುತ್ತಾನೆ. ಆ ಲೆಕ್ಕದಲ್ಲಿ ಗ್ರೀಕರೂ ಬಾರ್ಬರೋಯ್‌ಗಳೇ. ಇದನ್ನು ಅವನು ಬೇಸರವಿಲ್ಲದೆ ಬರೆಯುತ್ತಾನೆ. ಸುಮಾರು 500 ವರ್ಷಗಳ ನಂತರ ಗ್ರೀಕ್ ಲೇಖಕ ಪ್ಲುಟಾರ್ಕ್ ಅವನನ್ನು ‘ಫಿಲೋಬಾರ್ಬರೋಸ್’ ಅಂತ ಜರೆದ, ‘ಅವರನ್ನು ಕಂಡರೆ ಇವನಿಗೆ ಪ್ರೀತಿ’ ಅಂತ. ನನಗಂತೂ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ.

‘ಮ್ಲೇಚ್ಛ’ ಹೇಗೆ ಅಂತ ಒಬ್ಬ ಗೆಳೆಯರು ಕೇಳಿದರು. ಹುಟ್ಟು ನೋಡಿದರೆ ಸರಿಯಾದ ಜೋಡಿ. ಅದೂ ಅಸ್ಪಷ್ಟವಾಗಿ ಮಾತಾಡುವುದು ಅನ್ನುವ ಧಾತುವಿನದು. ‘ಹೇ ಅರಯಃ’ (ಎಲೈ ಶತ್ರುಗಳೇ) ಅನ್ನಬೇಕಾದಲ್ಲಿ ‘ಹೇಲಯೋ ಹೇಲಯಃ’ ಅಂದು ಅಸುರರು ಸೋತರು ಅನ್ನುವ ಮಾತು ಪತಂಜಲಿಯ ವ್ಯಾಕರಣ ಗ್ರಂಥ ಮಹಾಭಾಷ್ಯದಲ್ಲಿದೆ. ಆದರೆ ಕನ್ನಡದಲ್ಲಿ ಮ್ಲೇಚ್ಛ ಅಂದರೆ ಮಡಿ-ಮೈಲಿಗೆ, ಜಾತಿ-ಮತದ ಹಗೆ ಎಲ್ಲವೂ ಕೂಡಿ ಬರುತ್ತವೆ. ಅದೂ ಅಲ್ಲದೆ ಆ ಪದ ಗ್ರೀಕರ ಮೇಲೇ ಬಳಕೆಯಾದದ್ದು. ಯವನರು (ಅಂದರೆ ಗ್ರೀಕರು) ಮ್ಲೇಚ್ಛರು, ಆದರೂ ಜ್ಯೋತಿಷ ಅವರಲ್ಲಿ ನೆಲೆಗೊಂಡಿರುವುದರಿಂದ ಋಷಿಗಳಂತೆ ಗೌರವ ಪಡೆಯುತ್ತಾರೆ ಅನ್ನುತ್ತದೆ ವರಾಹಮಿಹಿರನ ಬೃಹತ್ಸಂಹಿತೆ. ಆ ಪದವನ್ನೇ ತಂದು ಗ್ರೀಕನ ಬಾಯಿಗಿಡಲು ನನಗೆ ಮನಸ್ಸಿಲ್ಲ. ‘ಅನಾಗರಿಕರು’ ಸಾಧ್ಯವೇ ಇಲ್ಲ. ಪಿರಮಿಡ್ಡುಗಳ ಮುಂದೆ ಬೆರಗಾಗಿ ನಿಂತವನ ಮಾತು ಅದಲ್ಲ.

ಈಗ ‘ಹೊರನುಡಿಯವರು’ ಅಂತ ಬರೆಯುತ್ತಿದ್ದೇನೆ. ಪಾರಿವಾಳದ ಕಥೆಗೂ ನೇಖೋನ ಕಣಿಗೂ ಚೆನ್ನಾಗಿ ಕೂರುತ್ತದೆ. ತೊಡಕು ಬರುವುದು ಬೇರೆಯವರನ್ನು ಅನುವಾದಿಸುವಾಗ. ಬಾರ್ಬರೋಸ್ ಮತ್ತು ಗುಲಾಮ ಸ್ವಭಾವದಿಂದ ಒಂದೇ ಅನ್ನುವ ಅರಿಸ್ಟಾಟಲ್‌ನ ಮಾತಿಗೆ ‘ಹೊರನುಡಿಯವನು’ ಅಂತ ಹಾಕಿದರೆ ಅವನ ಮಾತಿನ ಕ್ರೌರ್ಯ ಮುಚ್ಚಿಹೋಗುತ್ತದೆ. ಒಂದೊಂದು ಕಡೆ ಒಂದೊಂದು ಪದ ಹಾಕಿದರೆ, ಎರಡೂ ಕಡೆ ಇದ್ದದ್ದು ಒಂದೇ ಪದ ಅನ್ನುವುದು ಓದುಗರಿಗೆ ತಿಳಿಯುವುದೇ ಇಲ್ಲ. ಕ್ರಿ.ಪೂ. 472ರ, ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ನಾಟಕದಲ್ಲಿ ಪರ್ಷಿಯಾದ ದೂತನೇ ‘ಬಾರ್ಬರೋಯ್‌ಗಳ ಸೈನ್ಯವೆಲ್ಲ ಅಳಿಯಿತು’ ಅಂತ ತನ್ನವರ ಬಗ್ಗೆ ಹೇಳುತ್ತಾನೆ. ಆ ನಾಟಕವನ್ನು ಬಿ.ಎಂ.ಶ್ರೀ ‘ಪಾರಸಿಕರು’ ಅಂತ ಕನ್ನಡಕ್ಕೆ ತಂದಿದ್ದಾರೆ. ಪುಸ್ತಕ ಇರುವವರು ಆ ಸಾಲಿನಲ್ಲಿ ಅವರು ಬಳಸಿದ ಪದ ಯಾವುದು ಅಂತ ದಯವಿಟ್ಟು ನೋಡಿ ಹೇಳಿ.

ಇನ್ನೊಂದು ವಾಕ್ಯ ಒಂಬತ್ತನೇ ಪುಸ್ತಕದ್ದು. ಸ್ಪಾರ್ಟಾದವರು ‘ಬಾರ್ಬರೋಯ್’ಗಳನ್ನು ‘ಕ್ಸೇನೋಯ್’ ಅನ್ನುತ್ತಿದ್ದರಂತೆ. ‘ಕ್ಸೇನೋಸ್’ಗೆ ಪರಕೀಯ ಅಂತಲೂ ಅರ್ಥ, ಅತಿಥಿ ಅಂತಲೂ ಅರ್ಥ. ನಮ್ಮ ‘ಪರದೇಶಿ’ಯಲ್ಲಿ ಅತಿಥಿ ಇಲ್ಲ, ದಿಕ್ಕಿಲ್ಲದವನಿದ್ದಾನೆ. ‘ಹೊರಗಿನವರು’ ಅನ್ನೋಣವೆಂದರೆ ಹೊರಗಿಡುವುದೇ ಮುಂದಾಗುತ್ತದೆ. ಸದ್ಯಕ್ಕೆ ‘ಹೊರನುಡಿಯವರನ್ನು ಅವರು ದೂರದವರು ಅನ್ನುತ್ತಿದ್ದರು’ ಅಂತ ಬರೆದಿದ್ದೇನೆ, ತೃಪ್ತಿಯಿಲ್ಲ.

ಈ ಪದದ ಹಿಂದೆ ಬೀಳಲು ನನಗೆ ಇನ್ನೂ ಒಂದು ಕಾರಣವಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ಪ್ರಹಸನವೊಂದಿದೆ. ಅದರಲ್ಲಿ ಭಾರತದ ಕರಾವಳಿಯ ದೊರೆಯೂ ಅವನ ಜನರೂ ಆಡುವ ಮಾತು ಕನ್ನಡ ಅಂತ ಜರ್ಮನ್ ಶಾಸನತಜ್ಞ ಹುಲ್ಟ್ಸ್ ಮೊದಲು ಸೂಚಿಸಿದರು. ಶಾಮಶಾಸ್ತ್ರಿ, ಗೋವಿಂದ ಪೈ ಅದನ್ನು ಬಿಡಿಸಲು ನೋಡಿದರು. ಎಲ್ಲರೂ ಒಪ್ಪಿಲ್ಲ. ಒಪ್ಪಿದರೆ, ಗ್ರೀಕ್ ನೋಡುಗರ ಮುಂದೆ ‘ಬರ್ ಬರ್’ ಅಂತ ಮಾತಾಡುತ್ತಿದ್ದವರು ನಮ್ಮವರೇ.

ನಿಮ್ಮ ಕಡೆ ಬೇರೆ ಮಾತಾಡುವ ಜನರಿಗೆ ಬೈಗುಳವಲ್ಲದ, ಸದ್ದಿನಿಂದ ಹುಟ್ಟಿದ ಹೆಸರೇನಾದರೂ ಇದೆಯಾ? ಗಡಿ ಊರುಗಳವರು, ಸಂತೆಯಲ್ಲಿ ನಾಲ್ಕು ಭಾಷೆ ಕೇಳಿ ಬೆಳೆದವರು ನೆನಪಿಸಿಕೊಂಡು ಬರೆಯಿರಿ. ಯಾವ ಊರಿನ ಬಳಕೆ ಅನ್ನುವುದನ್ನೂ ಸೇರಿಸಿ.