ಮಳೆಗಾಲದ ನಾಮಕರಣಕ್ಕೆ ಫಾಂಡೆಂಟ್ ಕೇಕ್, ಆಗುಂಬೆ ಕಡೆ ಇದು ನಿಲ್ಲುತ್ತದಾ?

ತುಂಗೆ ತೀರದ ಅಕ್ಕ:

ಎಲ್ಲರಿಗೂ ನಮಸ್ಕಾರ. ತಂಗಿಯ ಮಗುವಿನ ನಾಮಕರಣ ಶ್ರಾವಣದಲ್ಲಿ ಇಟ್ಟುಕೊಂಡಿದ್ದಾರೆ. ತವರುಮನೆ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ಒಳಗೆ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಶಾಸ್ತ್ರ, ಮಧ್ಯಾಹ್ನ ಊಟ, ಸಂಜೆ ಹತ್ತಿರದವರು ಮಾತ್ರ ಸೇರಿ ಒಂದು ಕೇಕ್ ಕತ್ತರಿಸೋಣ ಅಂತ ತಂಗಿಯ ಆಸೆ. ನಾನು ಇರುವುದು ಶಿವಮೊಗ್ಗದಲ್ಲಿ. ಇಲ್ಲೇ ಮಾಡಿಕೊಂಡು ಕಾರಿನಲ್ಲಿ ಒಯ್ಯಬೇಕು. ಕ್ರೀಮ್ ಕೇಕ್ ಧೈರ್ಯವಾಗಿ ಮಾಡುತ್ತೇನೆ. ಫಾಂಡೆಂಟ್ (ಹಿಟ್ಟಿನ ಹಾಗೆ ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆ ಮುದ್ದೆ) ಹಿಡಿದು ಮಾಡಿದ್ದು ಸಣ್ಣ ಹೂವು, ಎಲೆ ಅಷ್ಟೇ. ಇಡೀ ಕೇಕಿಗೆ ಹೊದಿಸಿಲ್ಲ.

ಥೀಮ್ ಬಾಲಕೃಷ್ಣ. ಮೇಲೆ ತೊಟ್ಟಿಲು, ಪಕ್ಕದಲ್ಲಿ ಬೆಣ್ಣೆ ಗಡಿಗೆ, ಕೊಳಲು, ನವಿಲುಗರಿ. ಅದರ ಜೊತೆಗೆ ಭಾವನಿಗೆ ಸಕ್ರೆಬೈಲು ಆನೆ ಬಿಡಾರದ ಆನೆಮರಿ ಬೇಕಂತೆ. ಕೃಷ್ಣನ ಪಕ್ಕ ಆನೆ ಯಾಕೆ ಅಂತ ಕೇಳಬೇಡಿ, ನಾನೂ ಕೇಳಿಲ್ಲ.

ಈಗ ನನ್ನ ಚಿಂತೆ. ಆ ಕಡೆ ಮಳೆ ಗೊತ್ತಲ್ಲ, ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ಅಂಥದ್ದರಲ್ಲಿ ಫಾಂಡೆಂಟ್ ಬೆವರಿ ಕೆಳಗೆ ಇಳಿದುಬಿಟ್ಟರೆ? ಒಳಗೆ ಏನು ಹಾಕಲಿ? ಫ್ರಿಜ್‌ನಲ್ಲಿ ಇಡಬಹುದಾ? ಹೇಗೂ ಅಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮೊಟ್ಟೆ ಹಾಕುವ ಹಾಗಿಲ್ಲ, ಅಜ್ಜಿ ಇದ್ದಾರೆ. ಒಂದು ಮೂವತ್ತು ಜನಕ್ಕೆ ಆಗಬೇಕು.

ಸಾಗರದ ಓವನ್:

ಅಕ್ಕಾ, ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಯೂಟ್ಯೂಬಿನಲ್ಲಿ ನೋಡುವ ಸಲಹೆ ಎಲ್ಲ ಒಂದೋ ಎಸಿ ರೂಮಿಗೆ, ಇಲ್ಲ ಬಿಸಿಲಿನ ಊರಿಗೆ ಹೇಳಿದ್ದು. ನಮ್ಮ ಮಳೆಗಾಲ ಎರಡೂ ಅಲ್ಲ. ಇಲ್ಲಿ ಸೆಖೆ ಇಲ್ಲ, ತೇವ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲಿಗೆ ಗನಾಶ್ (ಚಾಕೊಲೇಟ್, ಕ್ರೀಮ್ ಸೇರಿಸಿದ ಮಿಶ್ರಣ) ಕರಗುತ್ತದೆ, ಆಗ ಫ್ರಿಜ್ ಬೇಕು. ಜುಲೈ, ಆಗಸ್ಟ್‌ನಲ್ಲಿ ಹಳ್ಳಿಮನೆಯ ಒಳಗೆ ಇಡೀ ದಿನ ತಂಪಾಗಿಯೇ ಇರುತ್ತದೆ, ಗನಾಶ್ ಹೊರಗಿದ್ದರೂ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಕರೆಂಟಿನ ಚಿಂತೆ ಬಿಡಿ. ನಿಮ್ಮ ಕೇಕಿಗೆ ಫ್ರಿಜ್ಜೇ ಶತ್ರು.

ಯಾಕೆ ಅಂದರೆ ಫಾಂಡೆಂಟ್ ಅಂದರೆ ಹೆಚ್ಚುಕಡಿಮೆ ಸಕ್ಕರೆಯೇ. ಮಳೆಗಾಲದಲ್ಲಿ ಡಬ್ಬದ ಬೆಲ್ಲ ನೀರು ಬಿಡುತ್ತದಲ್ಲ, ಇದೂ ಅದೇ ಜಾತಿ. ಗಾಳಿಯ ತೇವ ಎಳೆದುಕೊಳ್ಳುತ್ತದೆ. ಫ್ರಿಜ್‌ನಿಂದ ತಣ್ಣಗಿನ ಕೇಕ್ ಹೊರಗೆ ತೆಗೆದ ತಕ್ಷಣ ಅದರ ಮೇಲೆ ನೀರಹನಿ ಕೂರುತ್ತದೆ, ಹೊಳೆಯುತ್ತದೆ, ಬೆರಳು ಮುಟ್ಟಿದರೆ ಗುರುತು, ಬಣ್ಣ ಇಳಿಯುತ್ತದೆ. ಅಕಸ್ಮಾತ್ ಫ್ರಿಜ್‌ನಲ್ಲಿ ಇಡಲೇಬೇಕಾಗಿ ಬಂದರೆ ರಟ್ಟಿನ ಡಬ್ಬದೊಳಗೆ ಮುಚ್ಚಿ ಇಡಿ, ಹೊರಗೆ ತೆಗೆದ ಮೇಲೆ ಎರಡು ಮೂರು ಗಂಟೆ ಡಬ್ಬ ತೆರೆಯಲೇಬೇಡಿ. ಹನಿ ಡಬ್ಬದ ಮೇಲೆ ಕೂರುತ್ತದೆ, ಕೇಕಿನ ಮೇಲಲ್ಲ. ಬೆವರಿದರೂ ಒರೆಸಬೇಡಿ, ಫ್ಯಾನ್ ಹಾಕಿ ಬಿಟ್ಟುಬಿಡಿ, ಒಣಗುತ್ತದೆ.

ಒಳಗೆ ವಿಪ್ಪಿಂಗ್ ಕ್ರೀಮ್ ಬೇಡವೇ ಬೇಡ. ಅದಕ್ಕೆ ಫ್ರಿಜ್ ಬೇಕು, ಅದರಲ್ಲಿರುವ ನೀರು ಮೇಲಿನ ಹೊದಿಕೆಯನ್ನು ಕರಗಿಸುತ್ತದೆ. ಡಾರ್ಕ್ ಚಾಕೊಲೇಟ್ ಗನಾಶ್ ಮಾಡಿ. 500 ಗ್ರಾಂ ಚಾಕೊಲೇಟಿಗೆ 250 ಗ್ರಾಂ ಫ್ರೆಶ್ ಕ್ರೀಮ್. ವೈಟ್ ಚಾಕೊಲೇಟ್ ಆದರೆ ಮೂರಕ್ಕೆ ಒಂದು, ಇಲ್ಲದಿದ್ದರೆ ಗಟ್ಟಿ ಬರುವುದಿಲ್ಲ. ಕ್ರೀಮ್ ಕುದಿಸಬೇಡಿ, ಅಂಚಿನಲ್ಲಿ ಗುಳ್ಳೆ ಬಂದರೆ ಸಾಕು, ಸಣ್ಣಗೆ ಹೆಚ್ಚಿದ ಚಾಕೊಲೇಟ್ ಮೇಲೆ ಸುರಿದು ಎರಡು ನಿಮಿಷ ಬಿಟ್ಟು ಕಲಸಿ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಸವರುವ ಹದಕ್ಕೆ ಬಂದಿರುತ್ತದೆ. ಸ್ಪಂಜಿಗೆ ಕಂಡೆನ್ಸ್ಡ್ ಮಿಲ್ಕ್ ಹಾಕುವ ಎಗ್‌ಲೆಸ್ ಒಳ್ಳೆಯದು, ಸ್ವಲ್ಪ ಗಟ್ಟಿ ಇರುತ್ತದೆ, ಭಾರ ತಡೆಯುತ್ತದೆ. ಶುಗರ್ ಸಿರಪ್ ಜಾಸ್ತಿ ಸುರಿಯಬೇಡಿ.

ಗನಾಶ್ ಸವರಿ ಗಟ್ಟಿಯಾದ ಮೇಲೆ ಒದ್ದೆ ಬ್ರಷ್‌ನಿಂದ ಒಮ್ಮೆ ತೆಳ್ಳಗೆ ನೇವರಿಸಿ, ಆಗ ಫಾಂಡೆಂಟ್ ಅಂಟುತ್ತದೆ. 3ರಿಂದ 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಅಳತೆ ಸುಲಭ: 8 ಇಂಚಿನ ಕೇಕ್, 4 ಇಂಚು ಎತ್ತರ ಅಂದರೆ 8ಕ್ಕೆ ಎರಡೂ ಕಡೆಯ 4 ಸೇರಿ 16 ಇಂಚು, ಮೇಲೆ ಒಂದೆರಡು ಇಂಚು ಕೈಗೆ ಸಿಗಲು. ಕೆಳಗೆ ಉದುರಿಸಲು ಕಾರ್ನ್‌ಫ್ಲೋರ್ ಸಾಕು, ಆದರೆ ತೆಳುವಾಗಿ. ಬರೀ ಐಸಿಂಗ್ ಶುಗರ್ ಉದುರಿಸಿದರೆ ಈ ಹವೆಗೆ ಮತ್ತೆ ಅಂಟು. ಗುಳ್ಳೆ ಬಂದರೆ ಸೂಜಿ ಚುಚ್ಚಿ ಗಾಳಿ ತೆಗೆಯಿರಿ. ಅಂಚು ಬಿರಿದರೆ ಚೂರೇ ಚೂರು ವನಸ್ಪತಿ (ಡಾಲ್ಡಾ) ಬೆರಳಿಗೆ ಹಚ್ಚಿ ತಿಕ್ಕಿ.

ಕೊಪ್ಪದ ಚಿಕ್ಕಮ್ಮ:

ಸಾಗರದವರು ಹೇಳಿದ್ದು ಎಲ್ಲ ಸರಿ ಮಾರಾಯ್ರೆ, ಆದರೆ ನನ್ನದು ಒಂದೇ ಪ್ರಶ್ನೆ. ಆ ಹೊದಿಕೆಯನ್ನು ತಿನ್ನುವವರು ಯಾರು? ನಾನು ನೋಡಿದ ಎಲ್ಲ ಮನೆಯಲ್ಲೂ ಮಕ್ಕಳು ಒಂದು ತುಂಡು ಚೀಪುತ್ತಾರೆ, ದೊಡ್ಡವರು ಸಿಪ್ಪೆ ತೆಗೆದ ಹಾಗೆ ತೆಗೆದು ತಟ್ಟೆಯ ಅಂಚಿಗೆ ಇಡುತ್ತಾರೆ. ಮುಕ್ಕಾಲು ಕೆಜಿ ಸಕ್ಕರೆ ಹಿಟ್ಟು ಕಸಕ್ಕೆ. ಅದಕ್ಕೆ ಪೂರ್ತಿ ಹೊದಿಸುವ ಸಾಹಸವೇ ಬೇಡ ಅಂತ ನಾನು. ಗನಾಶನ್ನೇ ನುಣ್ಣಗೆ ಮಾಡಿ ಬಿಟ್ಟುಬಿಡು. ಗೊಂಬೆಗಳು ಮಾತ್ರ ಫಾಂಡೆಂಟ್. ಕೆಳಗೆ ಒಂದು ಸುತ್ತು ಪಟ್ಟಿ ಬೇಕಾದರೆ ಕಟ್ಟು. ನೋಡಲು ಏನೂ ಕಡಿಮೆ ಆಗುವುದಿಲ್ಲ.

ಇನ್ನೊಂದು. ಗಡಿಗೆ, ಬೆಣ್ಣೆ ಮುದ್ದೆ, ಎಲೆ, ಕೊಳಲು ಇವನ್ನೆಲ್ಲ ಗೋಡಂಬಿ ಹಿಟ್ಟಿನಲ್ಲೇ ಮಾಡಬಹುದು. ಕಾಜು ಬರ್ಫಿಯ ಹಿಟ್ಟೇ, ಪಾಕ ಒಂದೆಳೆ, ಚೆನ್ನಾಗಿ ನಾದಬೇಕು ಅಷ್ಟೇ. ಮಂಗಳೂರು ಕಡೆ ಕ್ರಿಸ್‌ಮಸ್ ಕುಸ್ವಾರ್‌ಗೆ (ಹಬ್ಬದ ತಿಂಡಿಗಳಿಗೆ) ಗೋಡಂಬಿಯ ಮಾರ್ಜಿಪಾನ್ ಮಾಡಿ ಅಚ್ಚಿಗೆ ಒತ್ತುತ್ತಾರಲ್ಲ, ಅದೇ. ತೇವಕ್ಕೆ ಫಾಂಡೆಂಟಿನಷ್ಟು ಬೇಗ ಬೆವರುವುದಿಲ್ಲ, ಮತ್ತೆ ಜನ ಪೈಪೋಟಿ ಮೇಲೆ ತಿನ್ನುತ್ತಾರೆ. ತೊಟ್ಟಿಲಿನಂಥ ನೆಟ್ಟಗೆ ನಿಲ್ಲುವ ವಸ್ತುವಿಗೆ ಮಾತ್ರ ಇದು ಆಗದು, ಮೆತ್ತಗೆ. ಬರುವವರಲ್ಲಿ ಗೋಡಂಬಿ ಆಗದವರು ಇದ್ದಾರಾ ಅಂತ ಕೇಳಿಕೋ.

ಆಮೇಲೆ ಕೃಷ್ಣನ ಗೊಂಬೆಯನ್ನು ಮಾತ್ರ ಮಾಡಬೇಡ. ಚಾಕು ಹಾಕುವುದು ಯಾರು, ತಿನ್ನುವುದು ಯಾರು? ಅಜ್ಜಿ ಎದುರಿಗೆ ಕೂತಿರುತ್ತಾರೆ. ನೀನು ಬರೆದ ಹಾಗೆ ಗರಿ, ಕೊಳಲು, ಗಡಿಗೆ ಇದ್ದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತದೆ. ಮೋಂಬತ್ತಿ ಊದಿ ಆರಿಸುವುದೂ ಬೇಡ, ನಾಮಕರಣದ ದಿನ ದೀಪ ಆರಿಸಿದರು ಅಂತ ಒಬ್ಬರಾದರೂ ಮುಖ ಸಿಂಡರಿಸುತ್ತಾರೆ.

ಹೊಸನಗರ ಹುಡುಗ:

ಗೊಂಬೆ ನನ್ನ ವಿಷಯ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ. ಬರೀ ಫಾಂಡೆಂಟಿನಲ್ಲಿ ಆನೆ ಮಾಡಿದರೆ ರಾತ್ರಿ ನಿಂತದ್ದು ಬೆಳಿಗ್ಗೆ ಮಲಗಿರುತ್ತದೆ. ಹಿಟ್ಟನ್ನು ಗಟ್ಟಿ ಮಾಡುವ ಟೈಲೋಸ್ ಅಥವಾ ಸಿಎಂಸಿ ಪೌಡರ್ ಸೇರಿಸಬೇಕು. 250 ಗ್ರಾಂಗೆ ಒಂದು ಟೀ ಚಮಚ. ನಾದಿ ಪ್ಲಾಸ್ಟಿಕ್ ಸುತ್ತಿ ಕೆಲವು ಗಂಟೆ ಬಿಡಿ, ಆಮೇಲೆ ಹದ ಬರುತ್ತದೆ. ಕಾರ್ಯಕ್ರಮಕ್ಕೆ ವಾರ ಮೊದಲೇ ಶುರು ಮಾಡಿ, ಮಳೆಯಲ್ಲಿ ಒಣಗಲು ಎರಡರಷ್ಟು ಹೊತ್ತು ಬೇಕು.

ಆನೆಮರಿ ಸುಲಭ. ಪೇರಲೆ ಆಕಾರದ ಮೈ, ಕೂತ ಹಾಗೆ ಮಾಡಿ. ನಾಲ್ಕು ಕಾಲಿನ ಮೇಲೆ ನಿಲ್ಲಿಸುವ ಹಟ ಬೇಡ, ಕೂತ ಆನೆ ಬೀಳುವುದಿಲ್ಲ. ತಲೆ ಕೂರಿಸಲು ಟೂತ್‌ಪಿಕ್ ಬದಲು ಹಸಿ ಸ್ಪಗೆಟಿ ತುಂಡು ಚುಚ್ಚಿ. ಮಕ್ಕಳು ಕಚ್ಚಿದರೂ ಟೂತ್‌ಪಿಕ್‌ನಷ್ಟು ಅಪಾಯ ಇಲ್ಲ. ನಮ್ಮ ಶ್ಯಾವಿಗೆ ತೀರಾ ತೆಳು, ಅದು ಆಗುವುದಿಲ್ಲ. ಕಿವಿ ಮೊದಲೇ ಮಾಡಿ ಚಮಚದ ಬೆನ್ನಿನ ಮೇಲೆ ಒಣಗಿಸಿದರೆ ಬಾಗು ಚೆನ್ನಾಗಿ ಬರುತ್ತದೆ. ಅಂಟಿಸಲು ಚೂರು ಸಿಎಂಸಿ ನೀರಿನಲ್ಲಿ ಕದಡಿ ಇಡಿ, ಅದೇ ಗೋಂದು.

ತೊಟ್ಟಿಲಿಗೆ ಹಾಳೆ ಲಟ್ಟಿಸಿ, ಕಾರ್ನ್‌ಫ್ಲೋರ್ ಸವರಿದ ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ ಅದರ ಮೇಲೆ ಹೊದಿಸಿ ಒಣಗಿಸಿ. ಪೂರ್ತಿ ಗಟ್ಟಿಯಾಗುವ ಮೊದಲು ಒಮ್ಮೆ ಅಲ್ಲಾಡಿಸಿ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಲೋಟಕ್ಕೇ ಹಿಡಿದುಕೊಳ್ಳುತ್ತದೆ. ಹಗ್ಗದಲ್ಲಿ ತೂಗುವ ತೊಟ್ಟಿಲು ಕನಸಲ್ಲೂ ಬೇಡ. ಕೆಳಗೆ ಕಾಲು ಇರುವ, ನೆಲದ ಮೇಲೆ ಕೂರುವ ತೊಟ್ಟಿಲು ಮಾಡಿ.

ತುಂಗೆ ತೀರದ ಅಕ್ಕ:

ಅಬ್ಬಾ, ಇಷ್ಟೆಲ್ಲ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಒಣಗಿಸುವುದಕ್ಕೆ ಅಮ್ಮ ಒಂದು ಐಡಿಯಾ ಕೊಟ್ಟರು. ಒಲೆಯ ಮೇಲಿನ ಅಟ್ಟದಲ್ಲಿ ಇಡು, ಕೊಬ್ಬರಿ ಒಣಗುವುದಿಲ್ಲವಾ ಅಂತ. ಆನೆ ಹೊಗೆ ವಾಸನೆ ಹೊಡೆದರೆ ಭಾವನಿಗೆ ಕಾಡಿನ ಆನೆ ಅಂತಲೇ ಹೇಳಬಹುದು ಬಿಡಿ. ಜೋಕ್ ಬಿಟ್ಟು, ಬೇರೆ ದಾರಿ ಇದೆಯಾ? ಹೇರ್ ಡ್ರೈಯರ್ ಆಗುತ್ತದಾ? ಮತ್ತೆ ಒಬ್ಬರು ಹೇಳಿದರು, ಫಾಂಡೆಂಟಿನಲ್ಲಿ ಜೆಲಾಟಿನ್ ಇರುತ್ತದೆ, ಸಸ್ಯಾಹಾರ ಅಲ್ಲ ಅಂತ. ನಿಜವಾ?

ಹೊಸನಗರ ಹುಡುಗ:

ಹೇರ್ ಡ್ರೈಯರ್ ಬಿಸಿಗೆ ಮೊದಲು ಮೆತ್ತಗಾಗುತ್ತದೆ, ಬೇಡ. ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಲೈಟ್ ಇದ್ದರೆ ಬಿಸಿ ಹಾಕದೆ ಬರೀ ಲೈಟ್ ಉರಿಸಿ ಒಳಗೆ ಇಡಿ, ಅಷ್ಟು ಕಾವು ಸಾಕು. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಮನೆಯಲ್ಲಿ ಯಾರಾದರೂ ನೋಡದೆ ಬಿಸಿಗೆ ಇಟ್ಟರೆ ಮುಗಿಯಿತು. ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬದಲ್ಲಿ ಮುಚ್ಚಿಡಿ, ಪೊಟ್ಟಣ ಗೊಂಬೆಗೆ ತಾಗದ ಹಾಗೆ.

ವಿನೋಬನಗರ ಕಿಚನ್:

ಜೆಲಾಟಿನ್ ಮಾತು ಅರ್ಧ ನಿಜ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು. ಮಾರ್ಷ್‌ಮ್ಯಾಲೋ (ಸ್ಪಂಜಿನಂಥ ಮಿಠಾಯಿ) ಕರಗಿಸಿ ಫಾಂಡೆಂಟ್ ಮಾಡುವ ವಿಡಿಯೋ ಬಹಳ ಇವೆ, ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ಆದರೆ ಜೆಲಾಟಿನ್ ಇಲ್ಲದ ರೆಡಿಮೇಡ್ ಫಾಂಡೆಂಟ್ ಕೂಡ ಸಿಗುತ್ತದೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ, ಪದಾರ್ಥಗಳ ಪಟ್ಟಿಯನ್ನೂ ಓದಿ. ಕಡಲಪಾಚಿಯಿಂದ ಬರುವ ಅಗರ್ ಅಗರ್ ಹಾಕಿ ಮನೆಯಲ್ಲೇ ಮಾಡಬಹುದು, ಆದರೆ ಅದಕ್ಕೆ ಎಳೆತ ಕಡಿಮೆ, ಹೊದಿಸುವಾಗ ಬಿರಿಯುತ್ತದೆ. ಮೊದಲ ಸಲಕ್ಕೆ ಕೊಳ್ಳುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಬಣ್ಣಕ್ಕೆ ಜೆಲ್ ಕಲರ್ ಮಾತ್ರ. ನೀರಿನಂಥ ಕಲರ್ ಹಾಕಿದರೆ ಹಿಟ್ಟು ಅಂಟಾಗುತ್ತದೆ. ನವಿಲುಗರಿಯ ಗಾಢ ನೀಲಿಯನ್ನು ಬಣ್ಣ ಹಾಕಿದ್ದನ್ನೇ ಕೊಳ್ಳಿ. ಬಿಳಿಗೆ ಅಷ್ಟು ಕಲರ್ ತುಂಬಿಸಿದರೆ ಹಿಟ್ಟೂ ಕೆಡುತ್ತದೆ, ತಿಂದವರ ನಾಲಿಗೆಯೂ ನೀಲಿ. ನಿಜವಾದ ಗರಿ ತಂದು ಕೇಕಿಗೆ ಚುಚ್ಚುವವರಿದ್ದಾರೆ, ದಯವಿಟ್ಟು ಬೇಡ, ಎಲ್ಲಿ ಬಿದ್ದಿತ್ತೋ ಏನೋ.

ಚಿನ್ನದ ಪುಡಿ ಕೊಳ್ಳುವಾಗ ಹುಷಾರು. ಡಬ್ಬಿಯ ಮೇಲೆ ‘ಎಡಿಬಲ್’ ಅಂತ ಇರಬೇಕು. ‘ನಾನ್ ಟಾಕ್ಸಿಕ್’ ಅಂತ ಮಾತ್ರ ಇದ್ದರೆ ಅದು ತಿನ್ನುವುದಕ್ಕಲ್ಲ, ಅಲಂಕಾರಕ್ಕೆ. ಆ ಪುಡಿಯನ್ನು ವೋಡ್ಕಾದಲ್ಲಿ ಕಲಸಿ ಹಚ್ಚಿ ಅಂತ ವಿಡಿಯೋದಲ್ಲಿ ಹೇಳುತ್ತಾರೆ. ನಾಮಕರಣದ ಮನೆಗೆ ವೋಡ್ಕಾ ಕೇಕ್! ಒಣ ಬ್ರಷ್‌ನಲ್ಲೇ ಉಜ್ಜಿ, ಗಡಿಗೆಗೆ ಅಷ್ಟು ಹೊಳಪು ಸಾಕು.

ತೊಟ್ಟಿಲ ಕೂಸಿಗೆ ಪ್ರೀತಿಯಿಂದ ಒಂದು ಬೆರಳು ಕ್ರೀಮ್ ನೆಕ್ಕಿಸುವ ಅತ್ತೆಯಂದಿರು ಇದ್ದೇ ಇರುತ್ತಾರೆ, ಅವರನ್ನು ತಡೆಯಿರಿ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಏನೂ ಬೇಡ. ಬೇರೆ ಚಿಕ್ಕ ಮಕ್ಕಳು ಬರುತ್ತಾರೆ ಅಂದರೆ ಬೆಳ್ಳಿ ಗುಂಡು, ಗಟ್ಟಿ ಮುತ್ತು, ತಂತಿ ಹೂವು ಕೇಕಿನ ಮೇಲೆ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸಾಗರದ ಓವನ್:

ಕೊಪ್ಪದ ಚಿಕ್ಕಮ್ಮನ ಮಾತಿಗೆ ನನ್ನ ವಿರೋಧ ಇಲ್ಲ. ಪೂರ್ತಿ ಹೊದಿಸಿದರೆ ನುಣುಪು ಬೇರೆಯೇ, ಫೋಟೋದಲ್ಲಿ ಚೆಂದ. ತಿನ್ನಲು ಅವರದೇ ಸರಿ. ಆಗುಂಬೆ ಬದಿ ಅಂದರೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗ, ಮೊದಲ ಸಲಕ್ಕೆ ಅವರ ದಾರಿ ಹಿಡಿದರೆ ಎದೆ ಕಡಿಮೆ ಬಡಿದುಕೊಳ್ಳುತ್ತದೆ.

ಸಾಗಿಸುವುದು ಯಾರೂ ಹೇಳಲಿಲ್ಲ. ಗೊಂಬೆಗಳನ್ನು ಕೇಕಿನ ಮೇಲೆ ಕೂರಿಸಿಕೊಂಡು ಹೊರಡಬೇಡಿ. ಬೇರೆ ಡಬ್ಬದಲ್ಲಿ ಟಿಶ್ಯೂ ನಡುವೆ ಇಟ್ಟು, ಅಲ್ಲಿ ಹೋಗಿ ಉಳಿದ ಗನಾಶ್‌ನಿಂದ ಅಂಟಿಸಿ. ಕೇಕನ್ನು ಸೀಟಿನ ಮೇಲೆ ಇಡಬೇಡಿ, ಸೀಟು ಇಳಿಜಾರು. ತೊಡೆಯ ಮೇಲೂ ಬೇಡ. ಡಿಕ್ಕಿಯ ನೆಲ ಅಥವಾ ಮುಂದಿನ ಸೀಟಿನ ಕಾಲಿಡುವ ಜಾಗ ಸಮತಟ್ಟು. ಕೆಳಗೆ ಜಾರದ ಮ್ಯಾಟ್ ಹಾಸಿ. ಎಸಿ ಹಾಕಿಕೊಂಡೇ ಹೋಗಿ, ಸೆಖೆಗಲ್ಲ, ಎಸಿ ಗಾಳಿ ಒಣ. ತೀರ್ಥಹಳ್ಳಿವರೆಗೆ ಸುಮಾರು 60 ಕಿಲೋಮೀಟರ್. ಮಂಡಗದ್ದೆ ಹತ್ತಿರ ಹಕ್ಕಿ ನೋಡಲು ಇಳಿದರೆ ಡಿಕ್ಕಿ ಮಾತ್ರ ತೆರೆಯಬೇಡಿ. ಹಂಪ್‌ಗಳಲ್ಲಿ ನಿಧಾನ ಅಂತ ಡ್ರೈವರಿಗೆ ಹೊರಡುವ ಮೊದಲೇ ಹೇಳಿ, ದಾರಿಯಲ್ಲಿ ಹೇಳಿದರೆ ಜಗಳ ಆಗುತ್ತದೆ.

ತುಂಗೆ ತೀರದ ಅಕ್ಕ:

ಸರಿ, ಗನಾಶ್ ಮೇಲೆ ಬರೀ ಗೊಂಬೆ. ಗಡಿಗೆ, ಬೆಣ್ಣೆ ಗೋಡಂಬಿಯಲ್ಲಿ. ಕೊನೆಯದು ಒಂದು: ಮಗುವಿನ ಹೆಸರು ಕನ್ನಡದಲ್ಲೇ ಬೇಕು. ಅಂಗಡಿಯಲ್ಲಿ ಅಕ್ಷರದ ಕಟ್ಟರ್ ಕೇಳಿದರೆ ಎಲ್ಲ ಇಂಗ್ಲಿಷಿನವೇ ಕೊಟ್ಟರು.

ಕೊಪ್ಪದ ಚಿಕ್ಕಮ್ಮ:

ಕಟ್ಟರ್ ಯಾಕೆ? ನಮ್ಮ ಅಕ್ಷರ ಎಲ್ಲ ದುಂಡು. ಚಕ್ಕುಲಿ ಹೊಸೆಯುವ ಹಾಗೆ ಹಿಟ್ಟನ್ನು ತೆಳ್ಳಗೆ ಹೊಸೆದು ಅಕ್ಷರದ ಮೇಲೆ ಬಾಗಿಸುತ್ತಾ ಹೋಗು. ಕಾಗದದಲ್ಲಿ ದೊಡ್ಡದಾಗಿ ಹೆಸರು ಬರೆದು, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಾಡು. ಒತ್ತಕ್ಷರ ಇದ್ದರೆ ಅದನ್ನು ಕೆಳಗೆ ತಾಗಿಸಿಯೇ ಅಂಟಿಸು, ಬಿಡಿಯಾಗಿ ಬಿಟ್ಟರೆ ಕಳೆದುಹೋಗಿ ಮಗುವಿನ ಹೆಸರೇ ಬದಲಾಗುತ್ತದೆ. ಕೇಕಿಗೆ ನೇರ ಅಂಟಿಸದೆ ಒಂದು ಫಾಂಡೆಂಟ್ ಪಟ್ಟಿಯ ಮೇಲೆ ಮಾಡು, ಮತ್ತೆ ಆ ಪಟ್ಟಿಯನ್ನು ಬೇರೆ ಡಬ್ಬದಲ್ಲಿ ಮುಚ್ಚಿ ಒಯ್ಯಿ. ಬೆಳಿಗ್ಗೆ ಅಪ್ಪ ಅಕ್ಕಿಯಲ್ಲಿ ಹೆಸರು ಬರೆದು ಮಗುವಿನ ಕಿವಿಯಲ್ಲಿ ಹೇಳುವ ಮೊದಲೇ ನಿನ್ನ ಕೇಕ್ ಊರಿಗೆಲ್ಲ ಹೇಳಿಬಿಟ್ಟರೆ ನಿನ್ನ ಭಾವ ಸುಮ್ನೆ ಬಿಡುತ್ತಾನಾ?