ಹೆದರಿಕೆ ಬಂದಾಗ ದುಡುಕುತ್ತೇನೆ, ಆಮೇಲೆ ಮನೆ ಕೆಡುತ್ತದೆ. ಯಾರಿಗಾದರೂ ಹೀಗಾಗಿದೆಯಾ?

ಹೊಸನಗರದ ತೋಟದವ

ನನಗೆ 37 ವರ್ಷ. ಹೊಸನಗರದ ಹತ್ತಿರ ಎರಡು ಎಕರೆ ಅಡಿಕೆ ತೋಟ ಇದೆ. ಹೆಂಡತಿ ಸಾಗರದಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಹೋದ ವಾರ ಒಂದು ಸಂಜೆ ಮಳೆ ಹೊಳವಾಗಲೇ ಇಲ್ಲ. ಆರಕ್ಕೆ ಬರುವವಳು ಏಳಾದರೂ ಬರಲಿಲ್ಲ, ಫೋನೂ ಸಿಗಲಿಲ್ಲ. ಬಸ್ಸು ಹಳ್ಳಕ್ಕೆ ಬಿದ್ದ ಹಾಗೆ ಕಣ್ಣಿಗೆ ಕಟ್ಟಿತು. ಎದೆ ಡವಡವ, ಕೈ ತಣ್ಣಗೆ. ಇಪ್ಪತ್ತೆರಡು ಸಲ ಫೋನ್ ಮಾಡಿದೆ. ಅವಳ ಹೆಡ್ ಮಿಸ್ಸಿಗೆ ಮಾಡಿದೆ, ಭಾವನಿಗೂ ಮಾಡಿದೆ. ಏಳೂವರೆಗೆ ನೆನೆದುಕೊಂಡು ಬಂದಳು. ದಾರಿಗೆ ಮರ ಬಿದ್ದಿತ್ತಂತೆ. ಬಂದಳಲ್ಲ ಎಂದು ಸಮಾಧಾನ ಆಗಬೇಕಿತ್ತು, ಅಲ್ವಾ? ನಾನು ಕೂಗಾಡಿದೆ. 'ಒಂದು ಫೋನ್ ಮಾಡಲು ಆಗದಿದ್ದರೆ ತವರಲ್ಲೇ ಇರು' ಎಂದುಬಿಟ್ಟೆ. ಮಾರನೇ ದಿನ ತೀರ್ಥಹಳ್ಳಿಗೆ ಹೋದಳು. ಇವತ್ತಿಗೆ ಆರು ದಿನ.

ಇದೇ ಮೊದಲಲ್ಲ. ಹೋದ ವರ್ಷ ಧಾರಣೆ ಬೀಳುತ್ತದೆ ಎಂಬ ಭಯಕ್ಕೆ ಅವಳನ್ನೂ ಕೇಳದೆ, ಇಟ್ಟಿದ್ದ ರಾಶಿ ಅಡಿಕೆಯನ್ನೆಲ್ಲ ಒಂದೇ ಫೋನಿನಲ್ಲಿ ಮಾರಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎರಡು ದಿನ ಬಿಟ್ಟು ಮತ್ತೆ ಅದೇ ಸಂಕಟ. ಈ ಸಲ, ಯಾಕೆ ಮಾರಿದೆನೋ ಎಂದು.

ಎಲ್ಲರೂ 'ಇವನಿಗೆ ಸಿಟ್ಟು ಜಾಸ್ತಿ' ಅನ್ನುತ್ತಾರೆ. ನನಗೆ ಮೊದಲು ಬರುವುದು ಹೆದರಿಕೆ. ಎರಡಕ್ಕೂ ಸಂಬಂಧ ಇದೆಯಾ?

ಶಿವಮೊಗ್ಗದ ನರ್ಸ್

ಇದೆ ಸರ್. ಮನೋರೋಗ ವಾರ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಆತಂಕ ಇರುವವರೆಲ್ಲ ಹಿಂಜರಿಯುವವರು ಎಂದು ಜನ ತಿಳಿದಿದ್ದಾರೆ. ಕೆಲವರು ದುಡುಕುತ್ತಾರೆ. ಏನಾಗುತ್ತದೋ ಎಂದು ಕಾಯುವುದು ಅವರಿಗೆ ತಡೆಯಲಾಗದ ಹಿಂಸೆ. ಫೋನ್ ಮಾಡಿದರೆ, ಮಾರಿಬಿಟ್ಟರೆ, ಬೈದುಬಿಟ್ಟರೆ ಆ ಹಿಂಸೆ ಒಂದು ಗಳಿಗೆ ಇಳಿಯುತ್ತದೆ. ಇಳಿಯಿತಲ್ಲ ಎಂದು ಮನಸ್ಸು ಅದನ್ನೇ ಕಲಿಯುತ್ತದೆ. ನಿಮಗೆ ಆ ರಾತ್ರಿ ನಿದ್ದೆ ಬಂದಿದ್ದು ಅದಕ್ಕೇ. ಆಮೇಲೆ ಮನೆಯವರು ದೂರ ಆದರೆ ಅದೇ ಹೊಸ ಭಯ.

ಒಂದು ಮಾತು ಕೇಳಬೇಕು. ಚಿಕ್ಕಂದಿನಲ್ಲೂ ಹೀಗೇ ಇದ್ದಿರಾ? ಪಾಠದಲ್ಲಿ ಗಮನ ನಿಲ್ಲದೆ, ಸರದಿ ಕಾಯದೆ? ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಚಡಪಡಿಸುವ, ದುಡುಕುವ ತೊಂದರೆ, ದೊಡ್ಡವರಲ್ಲೂ ಇರುತ್ತದೆ, ಆದರೆ ಅದರ ಲಕ್ಷಣ 12 ವರ್ಷದೊಳಗೇ ಕಾಣಿಸಿರಬೇಕು. ಅದೂ ಆತಂಕವೂ ಒಟ್ಟಿಗೇ ಇರುವವರು ಇದ್ದಾರೆ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಇದನ್ನೆಲ್ಲ ಬೇರೆ ಮಾಡಿ ನೋಡುವುದು ಡಾಕ್ಟರ ಕೆಲಸ. ಸುಮ್ನೆ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರಬೇಡಿ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಅದಕ್ಕೂ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.

ಕೊಪ್ಪದ ಅಕ್ಕ

ನಿಮ್ಮ ಹೆಂಡತಿಯ ಜಾಗದಲ್ಲಿ ನಾನಿದ್ದೆ ತಮ್ಮಾ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮವರೂ ಹೀಗೇ. ಅವರ ಹೆದರಿಕೆ ನನಗೆ ಕಾಣುತ್ತಿರಲಿಲ್ಲ, ಅನುಮಾನ ಪಡುತ್ತಾರೆ ಎಂದೇ ತಿಳಿದಿದ್ದೆ. ಅತ್ತೆ ಮನೆಗೆಲ್ಲ ಫೋನ್ ಹೋದಾಗ ಮಾನ ಹೋದ ಹಾಗಾಗುತ್ತಿತ್ತು. ಕೌನ್ಸೆಲಿಂಗಿಗೆ ಹೋದ ಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಬಸ್ಸು ಹತ್ತುವಾಗ ನಾನು ಒಂದು ಮೆಸೇಜ್ ಹಾಕುತ್ತೇನೆ. ಎಂಟು ಗಂಟೆಯವರೆಗೆ ಅವರು ಯಾರಿಗೂ ಫೋನ್ ಮಾಡುವುದಿಲ್ಲ. ಮೊದಮೊದಲು ಆ ಹೊತ್ತಿನಲ್ಲಿ ಅಂಗಳದಲ್ಲಿ ಶತಪಥ ಹಾಕುತ್ತಿದ್ದರಂತೆ. ಈಗ ಕೊಟ್ಟಿಗೆ ಕೆಲಸ ಮಾಡುತ್ತಾರೆ.

ಕ್ಷಮೆ ಕೇಳುವುದನ್ನೂ ದುಡುಕಿ ಮಾಡಬೇಡಿ. ಹತ್ತು ಸಲ 'ಸಾರಿ' ಬಂದರೆ ಅದೂ ಒತ್ತಾಯವೇ. 'ನನಗೆ ಭಯ ಆಗಿತ್ತು' ಎಂದು ಅವಳಿಗೆ ಯಾವತ್ತಾದರೂ ಹೇಳಿದ್ದೀರಾ?

ಹೊಸನಗರದ ತೋಟದವ

ಇಲ್ಲ ಅಕ್ಕಾ. ಹೇಳಿಲ್ಲ. ಹದಿಮೂರು ವರ್ಷದಲ್ಲಿ ಒಂದು ಸಲವೂ ಹೇಳಿಲ್ಲ.

ನರ್ಸ್ ಮೇಡಂ, ಶಾಲೆಯಲ್ಲಿ ನಾನು ಮೆತ್ತಗಿನ ಹುಡುಗ. ಅಪ್ಪ ಹಾಸಿಗೆ ಹಿಡಿದ ಮೇಲೆ ಇದೆಲ್ಲ ಶುರುವಾಯಿತು ಅನ್ನಿಸುತ್ತದೆ. ಡಾಕ್ಟರಿಗೆ ಅದನ್ನೇ ಹೇಳುತ್ತೇನೆ. ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿದೆ, ಬರುವ ಮಂಗಳವಾರವೇ ಇದೆ.

ನಿನ್ನೆ ರಾತ್ರಿಯೇ ಬೈಕ್ ಹತ್ತಿ ತೀರ್ಥಹಳ್ಳಿಗೆ ಹೊರಡುವವನಿದ್ದೆ. ಹೋಗಲಿಲ್ಲ. ಬೆಳಿಗ್ಗೆ ಅವಳಿಗೆ ಒಂದೇ ಮೆಸೇಜ್ ಹಾಕಿದೆ: 'ಆ ದಿನ ನಿನಗೇನೋ ಆಯಿತು ಎಂದು ಹೆದರಿದ್ದೆ. ಕೂಗಿದ್ದು ತಪ್ಪು. ಭಾನುವಾರ ಬರಲಾ?' ನೋಡಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಈಗ ಮಳೆ ಸ್ವಲ್ಪ ಹೊಳವಾಗಿದೆ. ಫೋನನ್ನು ನಾಗಂದಿಗೆಯ ಮೇಲಿಟ್ಟು ತೋಟಕ್ಕೆ ಹೋಗುತ್ತೇನೆ.