ಅತ್ತೆ, ಆ ಮೂರು ಕಾಯಿನ್ ಬಗ್ಗೆ

ಅತ್ತೆ, ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ರಲ್ಲ ಹುಂಡಿ ಡಬ್ಬಿ ಕಾಯಿನ್ ಫೋಟೋ, ಮಂಡಿಪೇಟೆಗೆ ಹೋಗಿದ್ದೆ, ಈಗ ಕೂತ್ಕೊಂಡು ಝೂಮ್ ಮಾಡಿ ನೋಡ್ದೆ. ಮೊದ್ಲು ಇದು ಕೇಳಿ, ಫೋನ್ ಮಾಡಿ ಈ ಕಾಯಿನ್‌ಗೆ 2 ಲಕ್ಷ ಕೊಡ್ತೀನಿ ರಿಜಿಸ್ಟ್ರೇಷನ್‌ಗೆ 1,500 ಹಾಕಿ ಅಂದನಲ್ಲ, ಅವನಿಗೆ ಒಂದು ಪೈಸೆನೂ ಹಾಕ್ಬೇಡಿ. 2021ರ ಆಗಸ್ಟಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ, ತಮ್ಮ ಹೆಸರು ಹೇಳಿ ಹಳೇ ನಾಣ್ಯ ನೋಟಿಗೆ ಫೀಸು ಕಮಿಷನ್ ಕೇಳೋರನ್ನ ನಂಬ್ಬೇಡಿ, ನಾವು ಆ ವ್ಯವಹಾರನೇ ಮಾಡಲ್ಲ ಅಂತ.

ಈಗ ನೀವು ಕೇಳಿದ್ದು, ಇದು ಎರರ್ ಕಾಯಿನ್ನಾ ವೆರೈಟಿನಾ ಅಂತ. ಅಜ್ಜಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತಿದ್ದಿದ್ದು ನೆನಪಿದೆಯಲ್ಲ, ಆ ಗಿಣಿ ಅಚ್ಚಿನ ಮರ ಕತ್ತಿನ ಹತ್ರ ಬಿರುಕು ಬಿಟ್ಟಿತ್ತು, ಪಾಕ ಆ ಬಿರುಕಿಗೂ ಇಳ್ದು ಪ್ರತಿ ಗಿಣಿ ಕತ್ತಲ್ಲೂ ಸಣ್ಣಗೆ ಒಂದು ಗೆರೆ ಎದ್ದಿರೋದು, ಯಾರ ಮನೆ ತಟ್ಟೇಲಿ ನೋಡಿದ್ರೂ ಇದು ನಮ್ಮನೇದು ಅಂತ ಗೊತ್ತಾಗ್ತಿತ್ತು. ಅದು ಅಚ್ಚಿನ ಗುಣ. ಒಂದ್ಸಲ ಪಾಕ ಸಾಲ್ದೆ ಒಂದು ಗಿಣಿಗೆ ತಲೇನೇ ಬರ್ಲಿಲ್ಲ, ಅದು ಆ ಒಂದು ಗಿಣಿಗೆ ಆದದ್ದು ಅಷ್ಟೆ. ಆಮೇಲೆ ನಾವು ಕಚ್ಚಿ ಮುರಿದಿದ್ದಕ್ಕೆ ಅಚ್ಚೂ ಕಾರಣ ಅಲ್ಲ ಪಾಕನೂ ಕಾರಣ ಅಲ್ಲ.

ಟಂಕಸಾಲೇಲೂ ಹಿಂಗೇನೆ. ಉಕ್ಕಿನ ಡೈ, ಅಂದ್ರೆ ಕಾಯಿನ್ ಒತ್ತೋ ಅಚ್ಚು, ಅದನ್ನ ಮಾಡುವಾಗಲೇ ಡೇಟು ಎರಡ್ಸಲ ಒತ್ತಿದ್ರೆ, ಅಕ್ಷರ ದೊಡ್ಡದು ಚಿಕ್ಕದು ಆದ್ರೆ, ಆ ಡೈಯಿಂದ ಬಂದ ಅಷ್ಟೂ ಕಾಯಿನ್‌ನಲ್ಲಿ ಅದು ಇರುತ್ತೆ, ಅದು ಡೈ ವೆರೈಟಿ. 1955ರ ಅಮೇರಿಕಾದ ಒಂದು ಸೆಂಟ್ ನೋಡಿ, ಡೇಟು ಅಕ್ಷರ ಎಲ್ಲ ಎರಡೆರಡಾಗಿ ಬರಿಗಣ್ಣಿಗೇ ಕಾಣುತ್ತೆ, ಅಂಥವು ಸಾವಿರಾರು ಆಚೆ ಬಂದ್ವು. ಎರರ್ ಅಂದ್ರೆ ಇನ್ನೂ ಚಿತ್ರ ಒತ್ತದ ಖಾಲಿ ಬಿಲ್ಲೆ ಸರಿಯಾಗಿ ಕೂರ್ದೆ ಚಿತ್ರ ಪಕ್ಕಕ್ಕೆ ಸರಿಯೋದು, ಅಂಚು ಕತ್ತರಿಸಿದ ಬಿಲ್ಲೆ ಬರೋದು, ಹಿಂದಿನ ಕಾಯಿನ್ ಡೈಗೇ ಅಂಟ್ಕೊಂಡು ಮುಂದಿನದಕ್ಕೆ ಚಿತ್ರ ಉಲ್ಟಾ ಒಳಕ್ಕೆ ಬೀಳೋದು, ಇದನ್ನ ನಮ್ಮ ಕಲೆಕ್ಟರ್‌ಗಳು ಲಾಖಿ ಅಂತಾರೆ, ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಡೈ ಒಳಗೆ ಗ್ರೀಸು ತುಂಬ್ಕೊಂಡು ಕಾಯಿನ್‌ನಲ್ಲಿ ಅಕ್ಷರ ಮಾಯ ಆದ್ರೆ ಅದೂ ವೆರೈಟಿ ಅಲ್ಲ, ಗ್ರೀಸು ಉದುರಿದ್ರೆ ಮುಂದಿನ ಕಾಯಿನ್‌ಗೆ ಅಕ್ಷರ ವಾಪಸ್ ಬರುತ್ತಲ್ಲ.

ನಿಮ್ಮ ಎರಡು ರೂಪಾಯಿ, ಭಾರತದ ಮ್ಯಾಪ್ ಇರೋದು, ಹನ್ನೊಂದು ಮೂಲೆದು, ಅದರಲ್ಲಿ ಇಸ್ವಿ ಡಬಲ್ ಆಗಿದೆ ಅಂದ್ರಿ. ಅಂಕಿ ಪಕ್ಕ ನೋಡಿ, ಮೆಟ್ಟಿಲಿನ ಥರ ಚಪ್ಪಟೆ ಅಂಚು ಇದೆ, ಅಂಕಿನೂ ತೆಳ್ಳಗಾಗಿದೆ. ಒತ್ತಿ ಎತ್ತೋ ಹೊತ್ತಿಗೆ ಡೈ ಸ್ವಲ್ಪ ಅಲ್ಲಾಡಿದ್ರೆ ಹಿಂಗಾಗುತ್ತೆ, ಇದಕ್ಕೆ ಬೆಲೆ ಇಲ್ಲ ಅತ್ತೆ. ನಿಜವಾದ ಡಬಲ್ ಡೈ, ಅಂದ್ರೆ ಆ ಅಮೇರಿಕಾ ಸೆಂಟ್ ಥರ ಡೈಯಲ್ಲೇ ಎರಡ್ಸಲ ಒತ್ತಿದ್ದಾಗಿದ್ರೆ, ಎರಡು ಅಂಕಿನೂ ಉಬ್ಬಿ ದುಂಡಗಿರುತ್ತೆ, ಅಂಕಿ ತುದಿ ಎರಡಾಗಿ ಸೀಳಿರುತ್ತೆ.

ಐದು ರೂಪಾಯಿ ಇಸ್ವಿ ಕೆಳಗೆ ಯಾವ ಟಂಕಸಾಲೇದು ಅಂತ ಹೇಳೋ ಗುರುತೇ ಇಲ್ಲ, ಹಾಕೋದು ಮರ್ತಿದಾರೆ ಅಂತ ಭಾವ ಬರ್ದಿದಾರೆ, ಮರ್ತಿಲ್ಲ. ಮುಂಬೈಗೆ ಡೈಮಂಡ್, ಹೈದರಾಬಾದ್‌ಗೆ ನಕ್ಷತ್ರ, ನೋಯ್ಡಾಗೆ ಚುಕ್ಕೆ, ಕೋಲ್ಕತ್ತಾಗೆ ಗುರುತು ಇಲ್ಲದಿರೋದೇ ಗುರುತು. ಹತ್ತು ರೂಪಾಯಿ ಮೇಲೆ ಗೆರೆ ಎಣಿಸಿ ಇದು ಅಸಲು ಅದು ನಕಲಿ ಅನ್ನೋ ಲೆಕ್ಕನೂ ಸುಳ್ಳೇ, 14 ಡಿಸೈನೂ ಅಸಲೇ ಅಂತ 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ, ಆದ್ರೂ ನಮ್ಮ ತುಮಕೂರಲ್ಲಿ ಎಷ್ಟು ವರ್ಷ ತಗೊಳ್ದೆ ವಾಪಸ್ ಕೊಟ್ರು.

ಆ ಒಂದು ರೂಪಾಯಿ ಮಾತ್ರ ಇಟ್ಕೊಳ್ಳಿ! ಅಂಚಿಂದ ತೆನೆ ಮೇಲೆ ಹಾದು 1ರ ಬುಡಕ್ಕೆ ಒಂದು ಗೆರೆ ಬಂದಿದೆ, ಉಗುರಲ್ಲಿ ಸವರಿ ನೋಡಿ, ಉಗುರು ಹಳ್ಳಕ್ಕೆ ಬಿದ್ರೆ ಯಾರೋ ಗೀಚಿದ್ದು, ಎದ್ದು ತಡೆದ್ರೆ ಡೈ ಬಿರುಕು, ಅಜ್ಜಿ ಗಿಣಿ ಕತ್ತಿನ ಥರಾನೇ. ಲಕ್ಷ ಬರಲ್ಲ, ಆದ್ರೆ ಡಬ್ಬೀಲಿ ಅದೇ ಇಸ್ವಿದು ಅದೇ ಜಾಗದಲ್ಲಿ ಗೆರೆ ಇರೋದು ಇನ್ನೊಂದು ಸಿಕ್ಕಿದ್ರೆ ಎರಡೂ ಒಂದೇ ಅಚ್ಚಿನ ಮಕ್ಕಳು, ಬಿರುಕು ಯಾವುದ್ರಲ್ಲಿ ಉದ್ದ ಇದೆಯೋ ಅದು ಆಮೇಲೆ ಹುಟ್ಟಿದ್ದು. ಭಾನುವಾರ ಗುಬ್ಬಿಗೆ ಲೆನ್ಸ್ ತಗೊಂಡು ಬರ್ತೀನಿ, ಅಲ್ಲಿವರ್ಗೂ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಅತ್ತೆ, ಪೇಪರಲ್ಲಿ ಸುತ್ತಿ ಹಂಗೇ ಇಡಿ.